ಹೊಳೆಯ ಸದಸ್ಯರು

ಬೆಂಗಳೂರಿನಲ್ಲಿರುವ ನನ್ನ ಅಳಿಯ, ಅಂದರೆ ಅಕ್ಕನ ಮಗ, ಮೀನು ಹಿಡಿಯಲಿಕ್ಕೆ ವರ್ಷಕ್ಕಿಷ್ಟು ಅಂತ ದುಡ್ಡು ಕಟ್ಟುತ್ತಾನೆ. ಊರ ಹೊರಗೆ ಯಾರದೋ ತೋಟ, ತೋಟದೊಳಗೆ ಕೆರೆ, ಕೆರೆಯ ಸುತ್ತ ಬೇಲಿ, ಬೇಲಿಗೊಂದು ಗೇಟು. ಸದಸ್ಯತ್ವದ ಕಾರ್ಡು ತೋರಿಸಿದರೆ ಮಾತ್ರ ಒಳಗೆ ಬಿಡುತ್ತಾರೆ. ಒಬ್ಬರಿಗೆ ಇಷ್ಟೇ ಗಾಳ, ಕೂರಲು ಇಂಥದೇ ಜಾಗ. ಕೊಕ್ಕೆಯಲ್ಲಿ ಹಿಂಮುಳ್ಳು ಇರಬಾರದು. ಸಿಕ್ಕಿದ ಮೀನನ್ನು ಒದ್ದೆ ಕೈಯಲ್ಲೇ ಹಿಡಿದು, ತೂಕ ನೋಡಿ, ಫೋಟೋ ತೆಗೆದು ಮತ್ತೆ ನೀರಿಗೇ ಬಿಡಬೇಕು. ಇದನ್ನೆಲ್ಲ ಅವನು ವಿವರಿಸಿದಾಗ ಅಕ್ಕ ಕೇಳಿದಳು, "ದುಡ್ಡೂ ಕೊಟ್ಟು, ಮೀನನ್ನೂ ಬಿಟ್ಟು ಬರುವುದಾ? ಹಾಗಾದರೆ ಮನೆಗೆ ತರುವುದು ಎಂತ?"

ಅವನು ಅಮ್ಮನಿಗೆ ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಿದ. "ಮಾವ, ನಿಮ್ಮ ತೋಡು ಪುಕ್ಕಟೆ, ಒಪ್ಪಿದೆ. ಆದ್ರೆ ಅದ್ರಲ್ಲಿ ಮೀನು ಎಲ್ಲಿದೆ? ನಾನು ಕಟ್ಟುವ ದುಡ್ಡಿಗೆ ಅಲ್ಲಿ ರಾತ್ರಿ ಹಗಲು ಒಬ್ಬ ವಾಚ್‌ಮನ್ ಇದ್ದಾನೆ. ನಿಮ್ಮ ಹೊಳೆಗೆ ಯಾರಿದ್ದಾರೆ?"

ದುಡ್ಡಿದ್ದವರ ಶೋಕಿ ಎಂದು ಆ ಮಾತನ್ನು ತಳ್ಳಿಹಾಕಬಹುದಿತ್ತು. ನನಗೆ ಆಗಲಿಲ್ಲ. ಹೊಳೆ ಎಲ್ಲರದು, ನೀರು ಎಲ್ಲರದು ಎಂದು ನಂಬಿ ಬೆಳೆದವನು ನಾನು. ಆ ನಂಬಿಕೆಯನ್ನು ಇಂದಿಗೂ ಬಿಡುವುದಿಲ್ಲ. ಆದರೆ ಎಲ್ಲರದಾದ ಹೊಳೆಯಲ್ಲಿ ಈಗ ಗಾಳ ಹಾಕಿ ಕೂತರೆ ಸಂಜೆಯವರೆಗೂ ಬೆಂಡು ಅಲ್ಲಾಡುವುದಿಲ್ಲ ಎಂಬುದೂ ಅಷ್ಟೇ ನಿಜ.

ನಮ್ಮದು ಬೆಳುವಾಯಿ, ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು. ಬಸ್ಸಿನಲ್ಲಿ ಹೋಗುವವರಿಗೆ ಅಂಗಡಿ ಸಾಲು ಮಾತ್ರ ಕಾಣುತ್ತದೆ. ರಸ್ತೆ ಬಿಟ್ಟು ಇಳಿದರೆ ಗುಡ್ಡ, ಗುಡ್ಡದ ಬುಡದಲ್ಲಿ ಅಡಕೆ ತೋಟ, ತೋಟದ ಅಂಚಿಗೆ ತೋಡು, ಅಂದರೆ ಸಣ್ಣ ಹೊಳೆ. ಮಳೆಗಾಲದಲ್ಲಿ ದಾಟಲು ಹೆದರಿಕೆ ಹುಟ್ಟಿಸುವ ಈ ತೋಡುಗಳು ಫೆಬ್ರವರಿ ಮಾರ್ಚಿಗೆ ಬತ್ತಿ ಕಲ್ಲು ತೋರಿಸುತ್ತವೆ. ಆಗ ಮೀನಿಗೆ ಉಳಿಯುವುದು ಅಲ್ಲೊಂದು ಇಲ್ಲೊಂದು ಕಯ, ಬೇಸಗೆಯಲ್ಲೂ ಬತ್ತದ ಆಳದ ಗುಂಡಿ. ಇಡೀ ತೋಡಿನ ಮೀನಿನ ಸಂತಾನ ನಾಲ್ಕು ತಿಂಗಳು ಆ ಗುಂಡಿಯ ನೆರಳಿನಲ್ಲಿ ಜೀವ ಹಿಡಿದುಕೊಂಡಿರುತ್ತದೆ.

ಅಲ್ಲಿ ನಾವು ಗಾಳ ಹಾಕುತ್ತಿದ್ದೆವು. ಬಿದಿರಿನ ಸಪೂರ ಕೋಲು, ಅದಕ್ಕೆ ತಂಗೂಸು ದಾರ, ಬೆಂಡಿನ ಬದಲು ನವಿಲುಗರಿಯ ದಂಟು. ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿ ಕೆದಕಿದರೆ ನಕ್ಕುರು, ಅಂದರೆ ಎರೆಹುಳ, ಬೇಕಾದಷ್ಟು. ಸಣ್ಣ ಮೀನಾದರೆ ದಂಟು ಟಕಟಕ ಕುಣಿಯುತ್ತದೆ. ಅದಕ್ಕೆ ಕೋಲು ಎತ್ತಬಾರದು. ಮುಗುಡು ಬಂದರೆ ಹಾಗಲ್ಲ. ದಂಟು ಒಮ್ಮೆ ಓರೆಯಾಗುತ್ತದೆ, ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತದೆ, ಆಮೇಲೆ ಯಾರೋ ಕೆಳಗಿನಿಂದ ಎಳೆದ ಹಾಗೆ ನಿಧಾನಕ್ಕೆ ಒಳಗೆ ಇಳಿಯುತ್ತದೆ. ಆಗ ಎತ್ತಬೇಕು. ದಡಕ್ಕೆ ಬಂದ ಮುಗುಡನ್ನು ಹಿಡಿಯುವುದಕ್ಕೂ ಕ್ರಮವಿದೆ. ಕಿವಿರೆಕ್ಕೆಯ ಎರಡೂ ಕಡೆ ಮುಳ್ಳು. ಚುಚ್ಚಿದರೆ ರಾತ್ರಿಯಿಡೀ ಕೈ ಕಟಕಟ ಎನ್ನುತ್ತದೆ. ತಲೆಯ ಹಿಂದೆ, ಆ ಮುಳ್ಳುಗಳ ಸಂದಿಗೆ ಬೆರಳು ಹಾಕಿ ಒತ್ತಬೇಕು. ಮನೆಗೆ ತಂದರೆ ಒಲೆಯ ಬೂದಿ ಹಾಕಿ ತಿಕ್ಕಿ ಲೋಳೆ ತೆಗೆಯಬೇಕು. ಇದನ್ನೆಲ್ಲ ನನಗೆ ಕಲಿಸಿದ ಮಾವ ಒಂದು ಕಟ್ಟಳೆಯನ್ನೂ ಕಲಿಸಿದ್ದರು: ತೋಡಿನಲ್ಲಿ ಎಲ್ಲಿ ಬೇಕಾದರೂ ಗಾಳ ಹಾಕು, ಬೇಸಗೆಯಲ್ಲಿ ಕಯಕ್ಕೆ ಬಲೆ ಇಳಿಸಬೇಡ. ಯಾಕೆ ಎಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಕಯದಲ್ಲಿ ದೈವದ ಸಂಚಾರ ಇದೆ ಎಂಬ ಮಾತು ಊರಲ್ಲಿತ್ತು, ಅಷ್ಟು ಸಾಕಾಗಿತ್ತು.

ಈಗ ಸಾಕಾಗುವುದಿಲ್ಲ. ಕಾರೆಕಾಯಿ ಜಜ್ಜಿ ನೀರಿಗೆ ಕದಡಿ ಮೀನಿಗೆ ಅಮಲು ಬರಿಸುವವರು ಹಿಂದೆಯೂ ಇದ್ದರು. ಆದರೆ ಕೆಂಪುಕಲ್ಲು, ಕಪ್ಪುಕಲ್ಲಿನ ಕೋರೆಗಳು ಎದ್ದ ಮೇಲೆ ಬಂಡೆ ಸಿಡಿಸುವ ತೋಟೆ ಕೈಗೆ ಸುಲಭಕ್ಕೆ ಸಿಕ್ಕಿತು. ಅಡಕೆಗೆ ಔಷಧಿ ಬಿಡಲು ತಂದ ಮೈಲುತುತ್ತು ಮೀನಿಗೂ ಬಿತ್ತು. ಈಗ ಬ್ಯಾಟರಿಯಿಂದ ಕರೆಂಟು ಹಾಯಿಸುವವರೂ ಬಂದಿದ್ದಾರೆ. ಒಂದು ತೋಟೆ ಸಿಡಿದರೆ ಮೇಲೆ ತೇಲುವುದು ಸತ್ತದ್ದರಲ್ಲಿ ಒಂದು ಪಾಲು. ಉಳಿದದ್ದು ತಳಕ್ಕೆ ಕೂತು ಕೊಳೆಯುತ್ತದೆ. ಬೆರಳುದ್ದದ ಮರಿ, ಏಡಿ, ಸಿಗಡಿ, ಕಪ್ಪೆ ಯಾವುದೂ ಉಳಿಯುವುದಿಲ್ಲ. ಒಂದು ರಾತ್ರಿಯ ಕೆಲಸಕ್ಕೆ ಆ ಕಯ ಮತ್ತೆ ಮೀನು ಕಾಣಬೇಕಾದರೆ ಎಷ್ಟೋ ಮಳೆಗಾಲ ಕಾಯಬೇಕು.

ದೈವ ದೇವರ ಹೆಸರೊಂದೇ ನೀರನ್ನು ಕಾಯುತ್ತದೆ ಎನ್ನುವವರು ಬೆಳ್ತಂಗಡಿ ತಾಲೂಕಿನ ಶಿಶಿಲಕ್ಕೆ ಹೋಗಿ ಬರಬೇಕು. ಶಿಶಿಲೇಶ್ವರ ದೇವಸ್ಥಾನದ ಎದುರು ಕಪಿಲಾ ಹೊಳೆ, ಹೊಳೆಯಲ್ಲಿ ದೇವರ ಮೀನುಗಳು, ಪೇಟೆಯವರು ಮಹಶೀರ್ ಎನ್ನುವ ಜಾತಿ. ಮೆಟ್ಟಿಲಲ್ಲಿ ನಿಂತು ಹೊದಳು ಎರಚಿದರೆ ತೊಡೆ ಗಾತ್ರದ ಮೈಗಳು ಒಂದರ ಮೇಲೊಂದು ಹೊರಳಿ ಬಾಯಿ ತೆರೆಯುತ್ತವೆ. ಅಲ್ಲಿ ಯಾರೂ ಗಾಳ ಹಾಕುವುದಿಲ್ಲ. ಆ ನೀರಿಗೇ 1996ರಲ್ಲಿ ಕಿಡಿಗೇಡಿಗಳು ವಿಷ ಹಾಕಿದರು. ಸಾವಿರಾರು ಮೀನು ಸತ್ತವು. ಊರಿನವರು ಸತ್ತ ಮೀನುಗಳಿಗಾಗಿ ಅಲ್ಲೊಂದು ಸ್ಮಾರಕ ಕಟ್ಟಿದ್ದಾರೆ. ಆ ಸ್ಮಾರಕದ ಮುಂದೆ ನಿಂತಾಗಲೆಲ್ಲ ನನಗೆ ಅನಿಸುವುದು, ಮೀನನ್ನು ಮತ್ತೆ ಬರಿಸಿದ್ದು ನಂಬಿಕೆಯ ಜೊತೆ ಊರಿನವರ ಕಣ್ಣು. ಅಂಥ ಘಟನೆ ಆದ ಮೇಲೆ ಹೊಳೆಯ ಬದಿಗೆ ಹೊತ್ತಲ್ಲದ ಹೊತ್ತಿನಲ್ಲಿ ಯಾರು ಬಂದರು ಎಂದು ನೋಡದೆ ಇರುವವರು ಯಾರು?

ವಿಷ ಮತ್ತು ತೋಟೆಯ ಸುದ್ದಿ ನಮ್ಮ ಜಿಲ್ಲೆಗೆ ಹೊಸತೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್‌ಗೆ ಗಾಳದ ಮೋಹ ವಿಪರೀತ. 1870ರಲ್ಲಿ ಅವನು ದಕ್ಷಿಣ ಕನ್ನಡದ ಮೀನುಸಾಕಣೆಯ ಬಗ್ಗೆಯೇ ವರದಿ ಬರೆದ. ಗಾಳ ಹಾಕುವವರಿಗಾಗಿ ಅವನು ಬರೆದ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಿಂದಲೇ ಹೊರಬಂತು; ಮುಂದೆ ದೇಶದುದ್ದಕ್ಕೂ ಮಹಶೀರ್ ಹಿಂದೆ ಬಿದ್ದವರ ಕೈಪಿಡಿ ಅದೇ ಆಯಿತು. ಹೊಳೆಗೆ ವಿಷ ಹಾಕುವುದರಿಂದ, ಮರಿಮೀನನ್ನೂ ಬಿಡದ ಸಣ್ಣ ಕಣ್ಣಿನ ಬಲೆಯಿಂದ ಮೀನು ನಾಶವಾಗುತ್ತದೆ ಎಂದು ಅವನು ಹೇಳುತ್ತಲೇ ಬಂದ. 1897ರ ಮೀನುಗಾರಿಕಾ ಕಾಯ್ದೆ ತೋಟೆಯನ್ನೂ ವಿಷವನ್ನೂ ನಿಷೇಧಿಸಿತು. ಅಂದರೆ ನೂರಿಪ್ಪತ್ತೈದು ವರ್ಷ ದಾಟಿದ ಕಾನೂನು ನಮ್ಮ ಕೈಯಲ್ಲಿದೆ. ರಾತ್ರಿ ಹನ್ನೊಂದು ಗಂಟೆಗೆ ತೋಡಿನ ಬದಿಯಲ್ಲಿ ನಿಲ್ಲುವ ಮನುಷ್ಯ ಮಾತ್ರ ಇಲ್ಲ.

ಅಳಿಯನ ಮಾತಿನಲ್ಲಿ ಹುರುಳಿದೆ ಎನಿಸುವುದು ಇಲ್ಲಿ. ಕಾವೇರಿಯ ಕಥೆಯನ್ನು ಅವನು ಚೆನ್ನಾಗಿ ಓದಿಕೊಂಡಿದ್ದಾನೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ 120 ಪೌಂಡಿನ ಮಹಶೀರ್ ಹಿಡಿದದ್ದು ಅವನಿಗೆ ಬಾಯಿಪಾಠ. 1972ರಲ್ಲಿ ಬೆಂಗಳೂರಿನಲ್ಲಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಶುರುವಾಯಿತು. ಅದು ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಸದಸ್ಯರ ದುಡ್ಡಿನಲ್ಲಿ ಕಾವಲು ಹಾಕಿತು. ಕೊಡಗಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ವಾಲ್ನೂರಿನ ಕಡೆ ಹಾಗೆಯೇ ಮಾಡಿತು. ಸರಕಾರದ ಜಂಗಲ್ ಲಾಡ್ಜಸ್ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಕ್ಯಾಂಪ್ ನಡೆಸಿತು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಹಿಂದೆ ತೋಟೆ ಹಾಕುತ್ತಿದ್ದವರೇ ಅಲ್ಲಿ ಕಾವಲುಗಾರರಾದರು, ಗಾಳದವರಿಗೆ ದಾರಿ ತೋರಿಸುವವರಾದರು. ಯಾವ ಬಂಡೆಯ ಹಿಂದೆ ಮೀನು ನಿಲ್ಲುತ್ತದೆ ಎಂದು ಅವರಿಗಲ್ಲದೆ ಇನ್ಯಾರಿಗೆ ಗೊತ್ತು? ಮುಂದೆ ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂದಾಗಿ ಆ ಕ್ಯಾಂಪುಗಳ ಮೀನು ಹಿಡಿಯುವ ಕೆಲಸ ನಿಂತಿತು. ಗಾಳದವರು ಹೋದರೆ ಕಾವಲೂ ಹೋಗುತ್ತದೆ, ತೋಟೆ ಮರಳುತ್ತದೆ ಎಂದು ಮೀನಿನ ವಿಜ್ಞಾನಿಗಳೇ ಬರೆದರು.

ಇಷ್ಟು ಹೇಳಿ ಅವನು ಗೆದ್ದ ಹಾಗೆ ನೋಡುತ್ತಾನೆ. ಅದೇ ಕಥೆಯ ಇನ್ನೊಂದು ತುದಿಯನ್ನು ನಾನು ಹಿಡಿಯುತ್ತೇನೆ. ಕಾವೇರಿಯ ನಿಜವಾದ ಒಡೆಯ ಗೂನುಬೆನ್ನಿನ ಮಹಶೀರ್, ಆ ನದಿಯ ಸೀಮೆ ಬಿಟ್ಟು ಲೋಕದಲ್ಲಿ ಇನ್ನೆಲ್ಲೂ ಇಲ್ಲದ ಮೀನು. ಗಾಳದವರಿಗೆ ಹೆಚ್ಚು ಮೀನು ಸಿಗಲಿ, ನದಿ ತುಂಬಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಮಹಾರಾಷ್ಟ್ರದ ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಬಿಟ್ಟರು. ಅವು ಹಬ್ಬಿದವು, ಗೂನುಬೆನ್ನಿನದು ಕರಗಿತು. 2018ರಲ್ಲಿ ಅದನ್ನು ಅತ್ಯಂತ ಅಪಾಯದ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಿದರು. ಗಾಳದವರು ತಾವು ಹಿಡಿದು ಬಿಟ್ಟದ್ದನ್ನೆಲ್ಲ ವರ್ಷಗಟ್ಟಲೆ ಪುಸ್ತಕದಲ್ಲಿ ಬರೆದಿಟ್ಟಿದ್ದರಿಂದಲೇ ಈ ಬದಲಾವಣೆ ಬೆಳಕಿಗೆ ಬಂತು, ಅದಕ್ಕೆ ಅವರಿಗೆ ನಮಸ್ಕಾರ. ಆದರೆ ದುಡ್ಡು ಕಟ್ಟಿದವನಿಗೆ ಮೀನು ಸಿಗಲೇಬೇಕು ಎಂದಾದಾಗ ಯಾವ ಮೀನು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಬೇಲಿಯೊಳಗಿನ ಕೆರೆಯಲ್ಲಂತೂ ಅದು ಏಳುವುದೇ ಇಲ್ಲ. ಅಲ್ಲಿ ಕಾಟ್ಲಾ, ರೋಹು. ಲಾರಿಯಲ್ಲಿ ಮರಿ ತಂದು ಬಿಡುತ್ತಾರೆ, ತೌಡು ಹಾಕಿ ಬೆಳೆಸುತ್ತಾರೆ. ಮುಗುಡಿಗೆ, ಮಡೆಂಜಿಗೆ ಅಲ್ಲಿ ಜಾಗವಿಲ್ಲ. ಸಾಕಿದ ಮರಿಯನ್ನು ತಿಂದುಹಾಕುತ್ತವೆ ಎಂದು ಅವನ್ನು ಮೊದಲೇ ತೆಗೆಸಿರುತ್ತಾರೆ.

ನಮ್ಮ ಸುತ್ತಲಿನ ಕೆರೆಗಳೂ ಎಲ್ಲರಿಗೂ ತೆರೆದಿವೆ ಎಂದೇನಿಲ್ಲ. ಮೂಡುಬಿದಿರೆಗೆ ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂಬ ಲೆಕ್ಕ. ಸಣ್ಣ ಕೆರೆಗಳ ಮೀನಿನ ಹಕ್ಕು ಪಂಚಾಯತಿಗೆ, ದೊಡ್ಡವುಗಳದ್ದು ಮೀನುಗಾರಿಕೆ ಇಲಾಖೆಗೆ. ಸಹಕಾರಿ ಸಂಘಕ್ಕೋ ಹರಾಜು ಕೂಗಿದವರಿಗೋ ಗುತ್ತಿಗೆ ಹೋಗುತ್ತವೆ. ಗುತ್ತಿಗೆ ಹಿಡಿದವನು ಕಾಯುತ್ತಾನೆ, ಯಾಕೆಂದರೆ ಅವನ ದುಡ್ಡು ನೀರಿನಲ್ಲಿದೆ. ಇನ್ನೊಂದು ಬಗೆಯೂ ಇದೆ: ವರಂಗದ ಕೆರೆ ಬಸದಿಗೆ ದೋಣಿಯಲ್ಲಿ ಹೋಗುವಾಗ ಬದಿಗೆ ಬರುವ ಮೀನುಗಳಿಗೆ ಮನುಷ್ಯನ ಭಯವೇ ಇಲ್ಲ. ಅಲ್ಲಿ ಹಿಡಿಯುವ ಮಾತೇ ಏಳುವುದಿಲ್ಲ. ಯಾರ ಲೆಕ್ಕಕ್ಕೂ ಸೇರದೆ ಬಿದ್ದಿರುವುದು ತೋಡು, ಹೊಳೆ ಮಾತ್ರ.

ನನಗೆ ದಾರಿ ಕಂಡದ್ದು ಚೇಳಾಯರಿನಲ್ಲಿ. ತುಳುನಾಡಿನ ಜಾತ್ರೆಗಳ ಸಾಲು ಎರ್ಮಾಳಿನಲ್ಲಿ ತೊಡಗಿ ಖಂಡೇವಿನಲ್ಲಿ ಮುಗಿಯುತ್ತದೆ ಎಂಬ ಮಾತಿದೆ. ಆ ಖಂಡೇವು ಇರುವುದು ಅಲ್ಲಿ, ನಂದಿನಿ ಹೊಳೆಯ ದಡದ ಖಂಡಿಗೆಯ ಧರ್ಮರಸು ಉಳ್ಳಾಯ ದೈವಸ್ಥಾನದಲ್ಲಿ. ಜಾತ್ರೆಗೆ ಕೆಲವು ತಿಂಗಳು ಮೊದಲೇ ಅಲ್ಲಿನ ಹೊಳೆಯಲ್ಲಿ ಮೀನು ಹಿಡಿಯುವುದು ನಿಲ್ಲುತ್ತದೆ. ಬೋರ್ಡು ಇಲ್ಲ, ಬೇಲಿ ಇಲ್ಲ, ರಶೀದಿ ಇಲ್ಲ. ಮೇ ತಿಂಗಳ ನಡುವಿನ ವೃಷಭ ಸಂಕ್ರಮಣದ ಬೆಳಿಗ್ಗೆ ದೈವಸ್ಥಾನದಲ್ಲಿ ಪ್ರಾರ್ಥನೆ ಆಗಿ, ಪ್ರಸಾದ ಹೊಳೆಗೆ ಬಿದ್ದು, ಕದಿನ ಸಿಡಿಯುವವರೆಗೆ ದಡದಲ್ಲಿ ಜನ ಬಲೆ ಹೆಗಲಿಗೆ ಹಾಕಿ ಕಾಯುತ್ತಾರೆ. ಸದ್ದು ಕೇಳಿದ್ದೇ ತಡ, ನೀರೇ ಕಾಣದಷ್ಟು ಜನ ಹೊಳೆಗೆ ಇಳಿಯುತ್ತಾರೆ. ಬೀಸುಬಲೆಯವರು, ಕೈಬಲೆಯವರು, ಸೊಂಟಕ್ಕೆ ಚೀಲ ಕಟ್ಟಿ ಬರಿಗೈಯಲ್ಲಿ ತಡಕುವವರು. ಜಾತಿ ಯಾವುದು, ಮತ ಯಾವುದು ಎಂದು ಅಲ್ಲಿ ಕೇಳುವವರಿಲ್ಲ. ಕೆಸರು ಮೆತ್ತಿದ ಮೇಲೆ ಎಲ್ಲರ ಮೈಬಣ್ಣವೂ ಒಂದೇ. ಅಂದು ಸುತ್ತಿನ ಮನೆಗಳಲ್ಲೆಲ್ಲ ಆ ಹೊಳೆಯ ಮೀನಿನದೇ ಪದಾರ್ಥ.

ಹಳೆಯ ಕಾಲದ್ದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಗುತ್ತು ಬೀಡುಗಳ ಕಾಲದಲ್ಲಿ ಮದಕದ ಕಟ್ಟ ಒಡೆದು ಮೀನು ಹಿಡಿದಾಗ ದೊಡ್ಡ ಮೀನು ಯಾರ ಅಂಗಳಕ್ಕೆ ಹೋಗುತ್ತಿತ್ತು, ದಿನವಿಡೀ ಕೆಸರಲ್ಲಿ ನಿಂತವರ ಪಾಲಿಗೆ ಎಂತ ಬರುತ್ತಿತ್ತು ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಆ ಪಾಲುಪಟ್ಟಿ ಹೋದದ್ದು ಒಳ್ಳೆಯದೇ ಆಯಿತು. ಅದರ ಜೊತೆಗೆ ತಡೆದು ನಿಲ್ಲುವ ಕ್ರಮವೂ ಹೋದದ್ದು ನಷ್ಟ. ಖಂಡಿಗೆಯಲ್ಲಿ ಆ ಕ್ರಮ ಉಳಿದಿದೆ, ಅದೂ ಎಲ್ಲರಿಗೂ ಬಾಗಿಲು ತೆರೆದುಕೊಂಡು. ಅಳಿಯನ ಕೆರೆಯಲ್ಲಿ ದುಡ್ಡಿಗೆ ಸಿಗುವುದು ಎರಡು: ಕಾವಲು, ತಡೆ. ಖಂಡಿಗೆಯವರು ಎರಡನ್ನೂ ದುಡ್ಡಿಲ್ಲದೆ ನಡೆಸಿಕೊಂಡು ಬಂದಿದ್ದಾರೆ. ಇದನ್ನು ಅವನಿಗೆ ಹೇಳಿದಾಗ ಅವನೂ ಸ್ವಲ್ಪ ಹೊತ್ತು ಸುಮ್ಮನಾದ.

ಆದರೆ ಖಂಡಿಗೆಯನ್ನು ಹಾಗೇ ಎತ್ತಿ ಬೆಳುವಾಯಿಗೆ ತರಲು ಬರುವುದಿಲ್ಲ. ನಂದಿನಿ ಅಲ್ಲಿ ಕಡಲಿಗೆ ಹತ್ತಿರ. ಭರತಕ್ಕೆ ಉಪ್ಪುನೀರು ಏರಿ ಬರುತ್ತದೆ, ನೀರಿನೊಂದಿಗೆ ಮೀನೂ ಬರುತ್ತದೆ. ಒಂದು ದಿನ ಊರಿಗೆ ಊರೇ ಇಳಿದು ಹಿಡಿದರೂ ಕಡಲು ಮತ್ತೆ ತುಂಬಿಸುತ್ತದೆ. ನಮ್ಮ ಕಯಕ್ಕೆ ಬೆನ್ನ ಹಿಂದೆ ಕಡಲಿಲ್ಲ. ಮೇ ತಿಂಗಳಲ್ಲಿ ಅಲ್ಲಿರುವ ಮೀನೇ ಜೂನ್ ತಿಂಗಳ ಬೀಜ. ಆ ಮೀನನ್ನು ಆ ಹೊತ್ತಿನಲ್ಲಿ ಮುಟ್ಟಲೇಬಾರದು.

ಬೇರೆ ದೇಶದವರೂ ಇದನ್ನು ತಮ್ಮ ತಮ್ಮ ಬಗೆಯಲ್ಲಿ ಬಿಡಿಸಿಕೊಂಡಿದ್ದಾರೆ. ಇಂಗ್ಲೆಂಡಿನಲ್ಲಿ ಕ್ಲಬ್ಬಿನ ಸದಸ್ಯನಾದರೂ ಸರಕಾರದ ಗಾಳದ ಲೈಸೆನ್ಸು ಬೇರೆ ಬೇಕು. ಮಾರ್ಚ್ 15ರಿಂದ ಜೂನ್ 15ರವರೆಗೆ ಹೊಳೆಯ ಸಾಮಾನ್ಯ ಮೀನುಗಳಿಗೆ ಗಾಳ ಹಾಕುವಂತೆಯೇ ಇಲ್ಲ, ಅದು ಅವುಗಳ ಮೊಟ್ಟೆಯ ಕಾಲ. ಅಮೆರಿಕದಲ್ಲಿ 1950ರ ಕಾಯ್ದೆಯೊಂದರ ಪ್ರಕಾರ ಗಾಳದ ಸಾಮಾನಿನ ಮೇಲಿನ ತೆರಿಗೆ ಮೀನಿನ ಸಂರಕ್ಷಣೆಗೇ ಹೋಗುತ್ತದೆ. ನಮ್ಮ ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗಿಳಿಯುವುದಿಲ್ಲ. ಕಡಲಿಗೆ 61 ದಿನ ರಜೆ ಕೊಡುವ ನಾವು ತೋಡಿಗೆ ಒಂದು ವಾರವನ್ನೂ ಕೊಡುವುದಿಲ್ಲ.

ಈ ಮಾತನ್ನೇ ನಾನು ಊರಿನ ಕೆಲವರನ್ನು ಸೇರಿಸಿ ಹೇಳಿದೆ. ಜೀವವೈವಿಧ್ಯ ಕಾಯ್ದೆ 2002ರಲ್ಲೇ ಬಂದಿದೆ. ಅದರ ಪ್ರಕಾರ ಪಂಚಾಯತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಕಯದ ವಿಚಾರ ಅಲ್ಲಿ ಬರಬೇಕು. ಬತ್ತದ ಕಯಕ್ಕೆ ವರ್ಷವಿಡೀ ಬಲೆಯೂ ಬೇಡ, ಗಾಳವೂ ಬೇಡ. ಉಳಿದ ತೋಡಿನಲ್ಲಿ ಗಾಳ ಯಾರು ಬೇಕಾದರೂ ಹಾಕಲಿ, ಹಿಡಿದದ್ದನ್ನು ಸಾರು ಮಾಡಿ ಉಣ್ಣಲಿ. ಮೀನು ತಿನ್ನುವ ಊರಿಗೆ ಬಿಟ್ಟು ಬಿಡುವ ಪಾಠ ಬೇಕಾಗಿಲ್ಲ. ತೋಟೆ, ವಿಷ, ಕರೆಂಟು ಕಂಡರೆ ಪೊಲೀಸರಿಗೆ ಫೋನು. ನೀರು ಇಳಿಯತೊಡಗಿದಲ್ಲಿಂದ ಮೇ ಕೊನೆಯ ಪತ್ತನಾಜೆಯವರೆಗೆ ರಾತ್ರಿ ಪಾಳಿಯ ಕಾವಲು, ಮನೆಗೊಬ್ಬರಂತೆ. ಈ ಊರಿನ ಹೊಳೆಗೆ ಸದಸ್ಯತ್ವದ ಶುಲ್ಕ ಇದೇ ಆಗಬೇಕು ಎಂದೆ. ಬಾಡಿಗೆ ಮನೆಯವರು, ಕೋರೆಯಲ್ಲಿ ಕೆಲಸಕ್ಕೆ ಬಂದ ಹೊರಜಿಲ್ಲೆಯವರು ಪಾಳಿಗೆ ಬಂದರೆ ಅವರೂ ಸದಸ್ಯರೇ.

ತೋಟೆಯ ಮಾತಿಗೆ, ಕಾವಲಿನ ಮಾತಿಗೆ ಯಾರೂ ಅಡ್ಡ ಬರಲಿಲ್ಲ. ಸಿಕ್ಕಿಕೊಂಡದ್ದು ಉಬರಿನ ವಿಷಯದಲ್ಲಿ. ಮೊದಲ ಮಳೆಗೆ ತೋಡು ಕೆಂಪಾಗಿ ಏರಿದಾಗ ತತ್ತಿ ತುಂಬಿದ ಮೀನು ಕಟ್ಟಪುಣಿ ಹಾರಿ ಗದ್ದೆಗೆ ಹತ್ತುತ್ತದೆ. ತೂಟೆ ಉರಿಸಿಕೊಂಡು, ಕತ್ತಿ ಹಿಡಿದು, ಮಳೆಯಲ್ಲಿ ನೆನೆದು ಅದನ್ನು ಹಿಡಿಯುವುದು ನಮ್ಮ ಕಡೆಯ ಹಬ್ಬಕ್ಕೆ ಸಮ. ಈಗ ತೂಟೆಯ ಬದಲು ತಲೆಗೆ ಕಟ್ಟುವ ಟಾರ್ಚು. ಗದ್ದೆಗಳೂ ಕಡಿಮೆ, ಹತ್ತುವ ಮೀನೂ ಕಡಿಮೆ. ಆ ಮೊದಲ ವಾರ ಬಿಟ್ಟುಬಿಡೋಣ, ತತ್ತಿ ಇಟ್ಟು ಇಳಿಯುವಾಗ ಹಿಡಿಯೋಣ ಎಂದೆ. ಎಂಬತ್ತರ ಹತ್ತಿರದ ಹಿರಿಯರೊಬ್ಬರು ಎದ್ದು ನಿಂತರು. "ಕಯ ಬಿಡುವ ಮಾರಾಯ್ರೆ, ರಾತ್ರಿ ಕಾವಲಿಗೆ ನಾನೂ ಬರ್ತೇನೆ. ಉಬರಿನ ಮೀನು ಬಿಡಿ ಅಂತ ಹೇಳ್ಬೇಡಿ. ನಾವು ಹಿಡಿಯುವಾಗ ಮೀನು ಕಮ್ಮಿ ಆಗ್ಲಿಲ್ಲ. ತೋಟೆ ಬಂದ ಮೇಲೆ ಕಮ್ಮಿ ಆದದ್ದು."

ಅವರ ಮಾತನ್ನು ಸುಳ್ಳೆನ್ನಲು ನನ್ನಿಂದಾಗದು. ಆಗಿನ ತೋಡಿನಲ್ಲಿ ಹತ್ತಕ್ಕೆ ನಾಲ್ಕು ಹಿಡಿದರೂ ಆರು ಉಳಿಯುತ್ತಿತ್ತು. ಈಗ ಹತ್ತುವುದೇ ನಾಲ್ಕು ಎಂದೆ. ಹಾಗಾದರೆ ತೋಡಿನ ಒಂದು ಬದಿಯ ಗದ್ದೆಯಲ್ಲಿ ಹಿಡಿಯುವುದು, ಇನ್ನೊಂದು ಬದಿ ಬಿಡುವುದು ಎಂದು ಒಬ್ಬರು ಹೇಳಿದರು. ಯಾವ ಬದಿ ಎಂಬಲ್ಲಿಗೆ ಮಾತು ಬಿಸಿಯಾಯಿತು, ಯಾಕೆಂದರೆ ಗದ್ದೆ ಉಳಿದಿರುವುದು ಹೆಚ್ಚಾಗಿ ಮೂಡುಬದಿಯಲ್ಲೇ. ಅದು ಇನ್ನೂ ತೀರ್ಮಾನವಾಗಿಲ್ಲ. ಅಳಿಯ ಬೆಂಗಳೂರಿನಿಂದ ಫೋನು ಮಾಡಿ ತನ್ನ ಹೆಸರನ್ನೂ ಪಾಳಿಗೆ ಬರೆಸಿ ಎಂದಿದ್ದಾನೆ, ಶಿವರಾತ್ರಿಯ ರಜೆಗೆ ಬರುತ್ತಾನಂತೆ. ಹಿರಿಯರು ಮಾತ್ರ ಪಾಳಿಯ ಪಟ್ಟಿಯಲ್ಲಿ ತಮ್ಮ ಹೆಸರು ಮೊದಲು ಬರೆಸಿ, ಉಬರಿನ ಮಾತು ಮುಂದಿನ ಸಲ ಮತ್ತೆ ಎತ್ತುತ್ತೇನೆ ಎಂದು ಹೇಳಿ ಹೋಗಿದ್ದಾರೆ.